ಕೋಟಿನ ಜೇಬಿನಲ್ಲಿ ಉಳಿದ ಪದ

ಅರವತ್ತೆಂಟನೆಯ ವಯಸ್ಸಿನಲ್ಲಿ ಗುಂಡಿಯಜ್ಜಿ ಭೀಷ್ಮಪ್ರತಿಜ್ಞೆ ಮಾಡಿದಳು: "ಇನ್ಮೇಲೆ ಕಾದಂಬರೀಲಿ ಅರ್ಥವಾಗದ ಒಂದು ಪದಾನೂ ದಾಟಿ ಹೋಗೋಳಲ್ಲ ನಾನು!"

ತಮ್ಮನ ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುವುದು ಅಜ್ಜಿಯ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಗಂಡ ತೀರಿದ ಮೇಲೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಆರು ಕಾದಂಬರಿ ಮುಗಿಸಿದ್ದಳು. ಪದ ಕಲಿಯಲು ಆಕೆಯದೇ ಒಂದು ಶಿಸ್ತು. ಕಷ್ಟದ ಪದವಿರುವ ವಾಕ್ಯವನ್ನು ಚೀಟಿಯಲ್ಲಿ ಬರೆದು, ಆ ಪದದ ಕೆಳಗೆ ಗೆರೆ ಎಳೆಯುವಳು. ಲೈಬ್ರರಿಯ ಮೇಡಂ ಹತ್ತಿರ ಅರ್ಥ ಕೇಳಿಕೊಳ್ಳುವಳು. ಅರ್ಥವನ್ನು ಮಾತ್ರ ಬರೆಯುವುದಿಲ್ಲ. ಅದು ಕಾಪಿ ಹೊಡೆದಂತೆ! ಚೀಟಿಯನ್ನು ಹೊಲಿಯುತ್ತಿರುವ ಬಟ್ಟೆಯ ಜೇಬಿಗೆ ಹಾಕಿ, ಒಂದೊಂದು ಗುಂಡಿಗೂ ಒಮ್ಮೆ ತೆಗೆದು ನೋಡುವಳು. ಕೊನೆಯ ಗುಂಡಿ ಕೂರುವಷ್ಟರಲ್ಲಿ ಪದವೂ ತಲೆಯಲ್ಲಿ ಕೂತಿರಬೇಕು!

ಒಂದು ದಿನ ಪದ ತಲೆಯಲ್ಲಿ ಕೂತಿತು. ಚೀಟಿ ಜೇಬಿನಲ್ಲೇ ಕೂತಿತು.

ಮಾರನೆಯ ಬೆಳಿಗ್ಗೆ ಅಂಚೆ ಗುಮಾಸ್ತನ ಹೆಂಡತಿ, ಬಾಗಿಲು ತುಂಬುವ ಹೆಂಗಸು, ಒಂದು ಕೈಯಲ್ಲಿ ಕೋಟು, ಇನ್ನೊಂದರಲ್ಲಿ ಗಂಡನನ್ನು ಹಿಡಿದು ಅಂಗಡಿಗೆ ನುಗ್ಗಿದಳು.

"ಈ ಚೀಟಿ ನಿಮ್ಮಂಗಡಿಯಿಂದಲೇ ಬಂತು ಅಂತಾರೆ ಇವರು. ಓದಿ!"

ತಮ್ಮ ಓದಿದ: "ಪ್ರಿಯ, ನಿನ್ನ ನೆನಪಿನಲ್ಲಿ ದಿನೇ ದಿನೇ ಕೃಶಳಾಗುತ್ತಿದ್ದೇನೆ."

"ಗೆರೆ ಬೇರೆ ಎಳೆದಿದ್ದಾಳೆ! ಅದೇನಾಗ್ತಿದ್ದಾಳೋ! ನಾನಂತೂ ತವರಿಗೆ ಹೊರಟೆ, ಪೆಟ್ಟಿಗೆ ತುಂಬಿಟ್ಟಾಗಿದೆ!"

"ಅದು ನನ್ನ ಚೀಟಿ ಕಣಮ್ಮ," ಎಂದಳು ಅಜ್ಜಿ.

"ನೀವಾ! ಇವರಿಗಾ!"

"ಅಯ್ಯೋ, ಕಾದಂಬರೀದು ತಾಯಿ! ಪದ ಕಲೀತಿದ್ದೆ."

"ಹೌದಾ? ಕಲಿತಿದ್ರೆ ಅರ್ಥ ಹೇಳಿ. ಆಗ ನಂಬ್ತೀನಿ."

ಅಜ್ಜಿ ಬಾಯಿ ತೆರೆದಳು. ಅರ್ಥ ಮಂಗಮಾಯ!

"ಅಕ್ಕಾ, ಅಂಗಡಿ ಮಾನ!" ಎಂದ ತಮ್ಮ.

"ಅಜ್ಜೀ, ನನ್ನ ಸಂಸಾರ!" ಎಂದ ಗುಮಾಸ್ತ.

"ಗದ್ದಲ ಮಾಡ್ಬೇಡ್ರಪ್ಪ. ಕತ್ತರಿ ಕೊಡಿ."

ಕಚಕ್ ಕಚಕ್ ಎಂದು ಕೋಟಿನ ಮೂರೂ ಗುಂಡಿ ಕಿತ್ತು, ಸೂಜಿಗೆ ದಾರ ಪೋಣಿಸಿ, ಮೊದಲಿನಿಂದ ಹೊಲಿಯತೊಡಗಿದಳು. ಒಂದನೆಯ ಗುಂಡಿ: ತಲೆ ಖಾಲಿ. ಎರಡನೆಯದು: ನಾಲಿಗೆಯ ತುದಿಗೆ ಬಂದದ್ದು ವಾಪಸು ಹೋಯಿತು. ಮೂರನೆಯದಕ್ಕೆ ಗಂಟು ಬಿತ್ತೋ ಇಲ್ಲವೋ, ಅಜ್ಜಿ ಕೂಗಿದಳು:

"ಸೊರಗೋದು! ಸಣಕಲಾಗೋದು!"

ಗುಮಾಸ್ತನ ಹೆಂಡತಿ ಧೊಪ್ಪನೆ ಬೆಂಚಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸೊರಗೋದಾ? ಅರ್ಥ ಗೊತ್ತಿದ್ದಿದ್ರೆ ನಾನು ಅನುಮಾನಾನೇ ಪಡ್ತಿರ್ಲಿಲ್ಲ ಅಜ್ಜಿ! ಇವರನ್ನ ನೆನೆಸ್ಕೊಂಡು ಯಾರು ಸೊರಗ್ತಾರೆ? ಇಪ್ಪತ್ತು ವರ್ಷ ಎದುರಿಗೇ ಇದ್ದು ನಾನೇ ಸೊರಗ್ಲಿಲ್ಲ!"

ಪೆಟ್ಟಿಗೆ ಖಾಲಿ ಮಾಡಬೇಕೆಂದು ಆಕೆ ಎದ್ದು ನಡೆದಳು. ಇನ್ನು ಅರ್ಥವನ್ನೂ ಬರೆದಿಡುವುದೇ ಲೇಸು ಎಂದುಕೊಂಡು ಅಜ್ಜಿ ಹಣೆ ಒರೆಸಿಕೊಂಡಳು. ಗುಮಾಸ್ತ ಮಾತ್ರ ಹಿಂದುಳಿದು, ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದ:

"ಅಜ್ಜಿ, ನಿಮಗೆ ಹೇಗೂ ಪದ ಬಂತಲ್ಲ... ಆ ಚೀಟಿ ನಾನೇ ಇಟ್ಕೊಳ್ಳಲಾ?"