ನೈಋತ್ಯಕ್ಕೆ ಸರಿದ ಕಂಪನಿ

ಅಂಕಿ-ಸಂಖ್ಯೆಗಳನ್ನು ಚಿತ್ರ ಮಾಡಿ ತೋರಿಸುವ ವಿದ್ಯೆ ನನಗೆ ಒಲಿದಿದೆ ಎಂದು ನಾನು ನಂಬಿಕೊಂಡಿದ್ದೆ. ಬಹಳ ಹಿಂದಿನ ಮಾತಲ್ಲ, ಹೋದ ಸುಗ್ಗಿಯವರೆಗೂ ನಂಬಿದ್ದೆ.

ಬಳ್ಳಾರಿಯ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು. ಆನ್‌ಲೈನಿನಲ್ಲಿ ಒಂದು ತರಬೇತಿ ಮುಗಿಸಿ, ಮುಟ್ಟಿದರೆ ಹಿಗ್ಗುವ, ಒತ್ತಿದರೆ ಬಣ್ಣ ಬದಲಿಸುವ, ಎಳೆದರೆ ಹಿಂದೆ ಬರುವ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮಾಡಲು ಕಲಿತೆ. ಮೊದಲ ಪ್ರಯೋಗ ಮನೆಯಲ್ಲೇ ಆಯಿತು. ತಿಂಗಳಿಡೀ ನಾವು ತಿಂದ ತರಕಾರಿಯನ್ನೆಲ್ಲ ಒಂದು ತಿರುಗುವ ಚಕ್ರ ಮಾಡಿ ಹೆಂಡತಿ ಶಶಿಕಲಾಗೆ ತೋರಿಸಿದೆ.

"ಬದ್ನಿಕಾಯಿ ಜಾಸ್ತಿ ಆಗೈತಿ ಅಂತ ಹೇಳಾಕ ಇಷ್ಟೆಲ್ಲಾ ತಿರುಗಿಸ್ಬೇಕೇನ್ರಿ? ಊಟಕ್ಕ ಕುಂತಾಗ ಬಾಯಿಬಿಟ್ಟು ಹೇಳಿದ್ರ ಆಗ್ತಿತ್ತು" ಅಂದಳು.

ಕಲೆಗೆ ಸ್ವಂತ ಮನೆಯಲ್ಲಿ ಬೆಲೆ ಇಲ್ಲ ಎಂದು ಕಂಪ್ಯೂಟರ್ ಮುಚ್ಚಿದೆ. ಬೆಲೆ ಬಂದದ್ದು ಸಿರುಗುಪ್ಪದಿಂದ.

ಸಿರುಗುಪ್ಪದಲ್ಲಿ ನನ್ನ ಮಾವ ಸಿದ್ದಲಿಂಗಪ್ಪನವರದು ರೈಸ್ ಮಿಲ್ಲು. ಬಾಯ್ಲರು, ಲಾರಿ ತೂಗುವ ವೇಬ್ರಿಡ್ಜು, ಭತ್ತ ಒಣಗಿಸುವ ಕಣ, ಕೊನೆಗೆ ಹಮಾಲರು ಚಪ್ಪಲಿ ಬಿಡುವ ಜಾಗವನ್ನೂ ವಾಸ್ತು ನೋಡಿ ಇಟ್ಟವರು ಅವರು. ಮಗ ವೀರೇಶನಿಗೆ ಮಾತ್ರ ದಿಕ್ಕುಗಳ ಚಿಂತೆ ಇಲ್ಲ, ದೇಶಗಳ ಚಿಂತೆ. ಸೋನಾ ಮಸೂರಿಯನ್ನು ಮಲೇಶಿಯಾಕ್ಕೆ ಕಳಿಸಬೇಕು ಎಂಬುದು ಅವನ ಆಸೆ. ಟಿಕೆಟ್ಟು, ವೀಸಾ ಎಲ್ಲ ಮಾಡಿಸಿಕೊಂಡ ಮೇಲೆ ನನಗೆ ಫೋನ್ ಮಾಡಿದ.

"ಭಾವ, ಅಲ್ಲಿ ಅಕ್ಕಿ ತರಿಸ್ಕೊಳ್ಳೋ ಕಂಪನಿ ಬಾಳ ಅದಾವ. ನನಗ ಕುಂತು ಮಾತಾಡಾಕ ಟೈಮ್ ಇರೋದು ಒಂದ ಕಂಪನಿ ಕೂಡ. ಅದು ತಪ್ಪಿತಂದ್ರ, ಇನ್ನೊಮ್ಮೆ ಹೊರದೇಶದ ಮಾತು ಮನ್ಯಾಗ ಎತ್ತಬ್ಯಾಡ ಅಂದಾನ ಅಪ್ಪ. ಆಮ್ಯಾಲೆ ನಾನು ಮುದುಕ ಆಗೋತನಕ ದಲಾಲರ ಮುಂದ ಚಾ ಕುಡ್ಕೋಂತ ಕುಂದ್ರೋದು."

"ಚಿಂತಿ ಬಿಡು ತಮ್ಮಾ. ಯಾವುದು ಒಳ್ಳೇದು, ಯಾವುದು ಕೆಟ್ಟದ್ದು, ಕಣ್ಣಿಗೆ ಕಟ್ಟೋಹಂಗ ಮಾಡಿಕೊಡ್ತೀನಿ" ಅಂದೆ.

ನಾನು ಕುರುಗೋಡಿನಲ್ಲಿ ಅಜ್ಜನ ಕೈಯಲ್ಲಿ ಬೆಳೆದವನು. ಪರವೂರಿನ ಎತ್ತು ಕೊಳ್ಳಬೇಕಾದರೆ ಎತ್ತಿನ ಹಲ್ಲು ನೋಡುವ ಮೊದಲು ಮಾರುವವನ ನೆರೆಮನೆಯವನ ಹತ್ತಿರ ಕುಂತು ಎಲೆ-ಅಡಿಕೆ ಹಾಕಿಕೊಳ್ಳಬೇಕು ಎನ್ನುತ್ತಿದ್ದ ಅಜ್ಜ. ಅದೇ ಪ್ರಕಾರ ನಡೆದೆ. ಆ ಕಂಪನಿಗಳು ತಮ್ಮ ಬಗ್ಗೆ ಬರೆದುಕೊಂಡದ್ದನ್ನು ಅರ್ಧ ನಂಬಿ, ಅವರಿಗೆ ಈಗಾಗಲೇ ಅಕ್ಕಿ ಮಾರಿದ ಮಿಲ್ಲಿನವರಿಗೆಲ್ಲ ಫೋನ್ ಹಚ್ಚಿ, ಯಾರು ಮಾಲು ಸುಮ್ಮನೆ ತಗೊಳ್ಳುತ್ತಾರೆ, ಯಾರು ತಕರಾರು ತೆಗೆದು ವಾಪಸ್ ಕಳಿಸುತ್ತಾರೆ ಎಂದು ಕೇಳಿ ಬರೆದುಕೊಂಡೆ. ಇಲ್ಲಿಯವರೆಗೆ ನನ್ನ ಕಡೆ ತಪ್ಪಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಹೇಳಲು ಅವಕಾಶ ಸಿಗುವುದಿಲ್ಲ.

ಚಿತ್ರ ಹೀಗಿತ್ತು. ಸುತ್ತ ಕಪ್ಪು ಗೆರೆ ಎಳೆದ ಒಂದು ಬಿಳಿ ಚೌಕ. ಒಳಗೆ ಒಂದೊಂದು ಕಂಪನಿಗೆ ಒಂದೊಂದು ಬಣ್ಣದ ಗುಂಡು. ಹೆಚ್ಚು ಅಕ್ಕಿ ತರಿಸುವವರದು ದೊಡ್ಡ ಗುಂಡು, ಕಮ್ಮಿ ತರಿಸುವವರದು ಸಣ್ಣದು. ಹಳೆಯ ಕಂಪನಿ ಮೇಲೆ, ಹೊಸದು ಕೆಳಗೆ. ಮಾಲು ವಾಪಸ್ ಕಳಿಸುವ ಚಾಳಿಯವರು ಬಲಕ್ಕೆ, ಮರ್ಯಾದಸ್ಥರು ಎಡಕ್ಕೆ. ಗುಂಡನ್ನು ಮುಟ್ಟಿದರೆ ಹೆಸರು, ವಿಳಾಸ ಬರುತ್ತದೆ. ಚಿತ್ರ ತಾನೇ ಮಾತಾಡಬೇಕು, ಬರಹ ಅಡ್ಡ ಬರಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹಾಗಾಗಿ ಎಡ ಅಂದರೇನು, ಬಲ ಅಂದರೇನು ಎಂಬ ಬರಹವನ್ನೆಲ್ಲ ಅಳಿಸಿ ಮೂಲೆಯ ಒಂದು ಸಣ್ಣ ಬಟನ್ನಿನ ಹಿಂದೆ ಬಚ್ಚಿಟ್ಟೆ. ನೋಡುವವರು ಚಿತ್ರದ ಜೊತೆ ಆಡಬೇಕು ಎಂದೂ ಹೇಳಿದ್ದರು. ಎರಡು ಗುಂಡುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲಿ ಎಂದು, ಬೆರಳಿನಿಂದ ಎಳೆದರೆ ಬರುವ ಹಾಗೆ ಮಾಡಿದೆ. ಬೆರಳು ತೆಗೆದ ಮೇಲೆ ಗುಂಡು ಸ್ವಸ್ಥಾನಕ್ಕೆ ಮರಳಬೇಕಿತ್ತು. ಅದೊಂದನ್ನು ಮರೆತೆ.

ಭಾನುವಾರ ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್ ಹಿಡಿದು, ಶಶಿಕಲಾಳನ್ನು ಕರಕೊಂಡು ಸಿರುಗುಪ್ಪಕ್ಕೆ ಹೋದೆ. ಮಿಲ್ಲಿನ ಆಫೀಸಿನಲ್ಲಿ ಮಾವನವರ ಜೊತೆ ಕರೂರಿನ ಭತ್ತದ ವ್ಯಾಪಾರಿ ಖಾಜಾಸಾಬ್ ಕುಂತಿದ್ದರು. ಇಬ್ಬರದೂ ಹಳೆಯ ದೋಸ್ತಿ. ವೀರೇಶ ಹೊರಗೆ ಲಾರಿ ತುಂಬಿಸುತ್ತಿದ್ದ. ಮೇಜಿನ ಮೇಲೆ ಚಿತ್ರ ತೆರೆದಿಟ್ಟು, ಮುಟ್ಟುವುದು ಹೇಗೆ, ಎಳೆಯುವುದು ಹೇಗೆ ಎಂದು ತೋರಿಸಿ, ಚಾರ್ಜರಿಗೆ ಜಾಗ ಹುಡುಕುತ್ತ ಮೇಜಿನ ಕೆಳಗೆ ಹೋದೆ.

"ಅಳಿಯಂದ್ರ, ಮ್ಯಾಲಿನ ಕಡೆ ಉತ್ತರ ಅಲ್ಲೇನ್ರಿ?" ಮೇಲಿನಿಂದ ಮಾವನವರ ದನಿ ಬಂತು.

ಭೂಪಟದಲ್ಲಿ ಯಾವತ್ತೂ ಮೇಲೆ ಉತ್ತರವೇ. "ಹೌದ್ರಿ ಮಾವಾರ" ಅಂದೆ. ಅಷ್ಟರಲ್ಲಿ ಹಿಂದಿನ ಮನೆಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ಕರೆ ಬಂತು. ಎದ್ದು ಹೋದೆ.

ನಾನು ಮಿರ್ಚಿ ತಿನ್ನುವಾಗ ಆಫೀಸಿನಲ್ಲಿ ಏನಾಯಿತು ಎಂಬುದು ನನಗೆ ತಿಳಿದದ್ದು ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನನ್ನ ಹಾಗೆ ಮೋಸ ಹೋಗುತ್ತೀರಿ.

"ಯಜಮಾನ್ರ, ಇದೇನ್ರಿ, ಈಶಾನ್ಯದಾಗ ಅಷ್ಟು ದೊಡ್ಡ ಗುಂಡು ಕುಂದ್ರಿಸ್ಯಾರ?" ಅಂದರು ಖಾಜಾಸಾಬ್.

"ನಾನೂ ಅದನ್ನ ನೋಡಾಕತ್ತೀನಿ ಖಾಜಾ. ಈಶಾನ್ಯ ಹಗುರ ಇರ್ಬೇಕು. ಭಾರ ಏನಿದ್ರೂ ನೈಋತ್ಯಕ್ಕ. ಯಜಮಾನನ ಜಾಗ ಅದು."

"ಅಳಿಯಂದ್ರು ಓದಿದವ್ರು. ಅವ್ರಿಗೆ ದಿಕ್ಕು ಎಲ್ಲಿ ತಿಳೀಬೇಕು ಬಿಡ್ರಿ. ಎಳದ್ರ ಬರ್ತೈತಿ ಅಂದಾರಲ್ಲ, ಎಳೀರಿ."

ಮಾವನವರು ಬಲಮೇಲಿನ ಮೂಲೆಯ ದೊಡ್ಡ ಗುಂಡಿನ ಮೇಲೆ ಬೆರಳಿಟ್ಟು ಎಳೆದರು. ಅದು ಸಾಧು ಎತ್ತಿನ ಹಾಗೆ ಬಂತು.

"ಸಾವಕಾಶ, ನಡುವೆ ಸಣ್ಣವು ಅದಾವ, ಹಾಯ್ದೀತು" ಎಂದು ಖಾಜಾಸಾಬ್ ದಾರಿ ಬಿಡಿಸಿದರು. ಗುಂಡು ಎಡಕೆಳಗಿನ ಮೂಲೆ ಸೇರಿತು. ಸಣ್ಣ ಹಗುರ ಗುಂಡುಗಳನ್ನು ಆರಿಸಿ ಈಶಾನ್ಯಕ್ಕೆ ಏರಿಸಿದರು. ಒಟ್ಟಿನಲ್ಲಿ ಮಲೇಶಿಯಾದ ಅಕ್ಕಿ ಮಾರುಕಟ್ಟೆಗೆ ವಾಸ್ತುದೋಷ ನಿವಾರಣೆ ಆಯಿತು.

ನಾನು ಕೈ ಒರೆಸಿಕೊಳ್ಳುತ್ತ ಬಂದಾಗ ವೀರೇಶನೂ ಲಾರಿ ಕಳಿಸಿ ಬಂದಿದ್ದ. ಮಾವನವರು ಆ ದೊಡ್ಡ ಗುಂಡನ್ನು ತೋರಿಸಿ, "ಇದು ಹೆಂಗ್ರಿ?" ಅಂದರು.

ಅಷ್ಟು ಗುಂಡುಗಳನ್ನು ನಾನೇ ಇಟ್ಟವನು. ಯಾವುದು ಎಲ್ಲಿತ್ತೆಂದು ಒಂದು ಕ್ಷಣ ನೆನೆಸಿಕೊಂಡಿದ್ದರೆ ಸಾಕಿತ್ತು. ಆದರೆ ಚಿತ್ರ ಕಣ್ಣ ಮುಂದೆ ಇರುವಾಗ ನೆನಪನ್ನು ನಂಬುವುದು ಅವೈಜ್ಞಾನಿಕ. ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ.

"ಮಾವಾರ, ಇದರಷ್ಟು ಚೊಲೋ ಕಂಪನಿ ಇನ್ನೊಂದಿಲ್ಲ. ದೊಡ್ಡದು. ಎಡಕ್ಕ ಐತಿ ಅಂದ್ರ ಮಾಲು ವಾಪಸ್ ಕಳಿಸೋ ಮಾತೇ ಇಲ್ಲ. ಕಣ್ಣುಮುಚ್ಚಿ ಹೋಗ್ಬೋದು."

ಮಾವನವರು ಖಾಜಾಸಾಬರ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಮದುವೆಯಾದಾಗಿನಿಂದ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

"ನೋಡು ಖಾಜಾ, ನಮ್ಮ ವಾಸ್ತು, ಅಳಿಯಂದ್ರ ಕಂಪ್ಯೂಟರ್, ಎರಡೂ ಒಂದ ಮಾತು ಹೇಳ್ತಾವ."

ನಾನು ವಿನಯದಿಂದ ತಲೆ ತಗ್ಗಿಸಿದೆ.

ವೀರೇಶ ಅಕ್ಕಿಯ ಸ್ಯಾಂಪಲ್ ಚೀಲ ಹೊತ್ತು ವಿಮಾನ ಹತ್ತಿದ. ನೆಟ್ಟಗೆ ಆ ಕಂಪನಿಗೆ ಹೋದ. ಅಲ್ಲಿಂದಲೇ ಫೋನು ಬಂತು.

"ಭಾವ, ಇವ್ರು ಮಾಲು ವಾಪಸ್ ಕಳಿಸೋದಿಲ್ಲ ಅಂದಿದ್ರಿ."

"ಹೌದು, ಯಾಕ?"

"ತಗೊಂಡ್ರ ತಾನ ವಾಪಸ್ ಕಳಿಸೋದು? ಒಂದೊಂದು ಕಾಳನ್ನ ಭೂತಗನ್ನಡಿ ಹಿಡ್ದು ನೋಡಿದ್ರು. ಉದ್ದ ಸಾಲದು, ಬಣ್ಣ ಸಾಲದು, ಚೀಲದ ಹೊಲಿಗಿ ಸೊಟ್ಟ ಅಂದ್ರು. ಕೊನಿಗೆ ಸ್ಯಾಂಪಲ್ ಚೀಲಾನ ನನ್ನ ಕೈಯಾಗ ಕೊಟ್ಟು, ಹುಷಾರಾಗಿ ಹೋಗಿ ಬರ್ರಿ ಅಂದ್ರು."

ಓಡಿಹೋಗಿ ಲ್ಯಾಪ್‌ಟಾಪ್ ತೆರೆದೆ. ಹೊಸದಾಗಿ ತೆರೆದದ್ದರಿಂದ ಗುಂಡುಗಳೆಲ್ಲ ತಮ್ಮ ಮೂಲ ಜಾಗದಲ್ಲಿದ್ದವು. ಆ ದೊಡ್ಡ ಗುಂಡು ಬಲತುದಿಯಲ್ಲಿ, ತಕರಾರುದಾರರ ಸರದಾರನಂತೆ ಕುಂತಿತ್ತು. ಕಂಪನಿಯ ಸ್ವಭಾವವೇ ರಾತ್ರೋರಾತ್ರಿ ಬದಲಾಯಿತೇ ಎಂದು ಜೋರಾಗಿಯೇ ಕೇಳಿದೆ.

ಶಶಿಕಲಾ ಹೆಗಲ ಮೇಲಿಂದ ಇಣುಕಿದಳು. "ಇದನ್ನ ಅವತ್ತು ಅಪ್ಪ ಕೆಳಗಿನ ಮೂಲಿಗೆ ಎಳದ್ರಲ್ಲ. ಚಾ ಕೊಡಾಕ ಹೋದಾಗ ನೋಡಿದ್ನಿ. ಖಾಜಾ ಕಾಕಾರು ಬೀರು ಸರಿಸೋವಾಗ ಹೇಳ್ದಂಗ ಆ ಕಡೆ, ಈ ಕಡೆ ಅಂತ ಹೇಳಾಕತ್ತಿದ್ರು."

"ನನಗ ಹೇಳ್ಬಾರ್ದಾ?"

"ಎಳೀಬೋದು ಅಂತ ನೀವ ಹೇಳಿಕೊಟ್ಟಿದ್ರಿ. ಎಳದ್ರು. ಅದ್ರಾಗ ಹೇಳೋದೇನೈತಿ?"

ವೀರೇಶ ಬಂದ ಮರುದಿನ ಮತ್ತೆ ಸಿರುಗುಪ್ಪ. ಸ್ಯಾಂಪಲ್ ಚೀಲ ಮೇಜಿನ ಮೇಲಿತ್ತು. ಖಾಜಾಸಾಬ್ ಅದನ್ನು ಸವರಿ, "ನಾವಂತೂ ವಿಮಾನ ಹತ್ತಿಲ್ಲ, ನಮ್ಮ ಕರೂರಿನ ಭತ್ತಾದ್ರೂ ಹತ್ತಿತಲ್ಲ" ಅಂದರು. ವೀರೇಶ ನೆಲ ನೋಡುತ್ತಿದ್ದ. ಇನ್ನು ಹೊರದೇಶದ ಮಾತು ಮುಗಿಯಿತು ಎಂದು ಮುಖದ ಮೇಲೆ ಬರೆದಿತ್ತು.

ಸತ್ಯ ಹೇಳಿ ಹುಡುಗನನ್ನು ಉಳಿಸುವುದು ನನ್ನ ಧರ್ಮ. "ಮಾವಾರ, ಅವತ್ತು ಆ ಗುಂಡನ್ನ..." ಎಂದು ಶುರು ಮಾಡಿದೆ.

ಮಾವನವರು ಕೈ ಎತ್ತಿದರು. "ನಾನೂ ವಿಚಾರ ಮಾಡೀನ್ರಿ ಅಳಿಯಂದ್ರ. ಭಾರ ನೈಋತ್ಯದಾಗ ಸರಿಯಾಗೇ ಇತ್ತು. ಹುಡುಗಂದೂ ತಪ್ಪಿಲ್ಲ. ತಪ್ಪು ನಿಮ್ಮ ಚಿತ್ರದ್ದು. ಸುತ್ತಾ ಗೋಡಿ ಕಟ್ಟೀರಿ, ಅದಕ್ಕೊಂದು ಬಾಗ್ಲ ಇಟ್ಟಿಲ್ಲ. ಬಾಗ್ಲಿಲ್ಲದ ಮನಿಯೊಳಗ ಲಕ್ಷ್ಮಿ ಹೆಂಗ ಬರ್ತಾಳ?"

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ವೀರೇಶ ನನ್ನ ಮೊಣಕಾಲು ಹಿಡಿದುಕೊಂಡ. ಎಷ್ಟು ಬಿಗಿಯಾಗಿ ಹಿಡಿದನೆಂದರೆ, ನನ್ನ ಸಂಖ್ಯಾಶಾಸ್ತ್ರವೆಲ್ಲ ಅಲ್ಲಿಂದಲೇ ಇಳಿದುಹೋಯಿತು.

"ಹೌದ್ರಿ ಮಾವಾರ. ಬಾಗ್ಲು ಇಡೋದು ಮರ್ತೆ" ಅಂದೆ.

"ಆತು, ಮನುಷ್ಯಾ ಅಂದ್ಮ್ಯಾಲೆ ಮರೀತಾನ. ಇವ ಇನ್ನೊಮ್ಮೆ ಹೋಗಿಬರ್ಲಿ. ಅಷ್ಟರಾಗ ನೀವು ಸರಿ ಮಾಡಿಕೊಡ್ರಿ."

ವೀರೇಶ ಮೊಣಕಾಲು ಬಿಟ್ಟ. ಖಾಜಾಸಾಬ್ ನನಗೊಂದು ಲೋಟ ನೀರು ತರಿಸಿದರು.

ಈಗ ಎಡ-ಬಲದ ಅರ್ಥವನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಗುಂಡುಗಳು ಯಾರು ಎಳೆದರೂ ಜಗ್ಗುವುದಿಲ್ಲ. ಸದ್ಯಕ್ಕೆ ಚಿತ್ರದ ಪೂರ್ವದ ಗೋಡೆಯಲ್ಲಿ ಬಾಗಿಲಿನ ಕೆಲಸ ನಡೆದಿದೆ. ಮುಟ್ಟಿದರೆ ತೆರೆಯುತ್ತದೆ. ಮುಚ್ಚಿಸುವುದನ್ನು ನಾನು ಇನ್ನೂ ಕಲಿಯಬೇಕು.