ಕೊಟ್ಟಿಗೆಯಲ್ಲೊಂದು ತಿಮಿಂಗಿಲ

ನಮ್ಮ ಕಾಕಾನಿಗೆ ಎಮ್ಮೆಯ ಭಾಷೆ ಬರುತ್ತದೆ. ನಗಬೇಡಿ! ಕನ್ನಡ ಬರುತ್ತದೆ, ಸಂತೆಗೆ ಬೇಕಾಗುವಷ್ಟು ಮರಾಠಿ ಬರುತ್ತದೆ, ಈಗ ಎಮ್ಮೆಯದೂ ಬರುತ್ತದೆ. ಬಾರದಿರುವುದು ಒಂದೇ, ಮನೆಯ ಹೆಣ್ಣುಮಕ್ಕಳ ಮಾತನ್ನು ಕಿವಿಗೆ ಹಾಕಿಕೊಳ್ಳುವುದು. ಆ ವಿದ್ಯೆ ಅವನಿಗೆ ಮೊದಲಿನಿಂದಲೂ ಒಲಿಯಲಿಲ್ಲ.

ಇದೆಲ್ಲ ಶುರುವಾದದ್ದು ಅವನ ಫೋನಿನಿಂದ. ಯಾವುದೋ ದೇಶದ ವಿಜ್ಞಾನಿಗಳು ಸಮುದ್ರದೊಳಗೆ ಮೈಕು ಇಳಿಬಿಟ್ಟು, ತಿಮಿಂಗಿಲಗಳ ಸದ್ದು ಹಿಡಿದು, ಕಂಪ್ಯೂಟರಿಗೆ ಹಾಕಿ, ಯಾವ ಸದ್ದಿಗೆ ಏನರ್ಥ ಎಂದು ಹುಡುಕುವ ವಿಡಿಯೋ ನೋಡಿದನಂತೆ. ಹುಡುಕಲಿ ಬಿಡಿ, ಅವರ ಸಮುದ್ರ, ಅವರ ಮೈಕು! ಅಂಕಲಗಿಯ ಹತ್ತಿರದ ಹಳ್ಳಿಯಲ್ಲಿ ಕೂತವನಿಗೆ ತಿಮಿಂಗಿಲದ ಉಸಾಬರಿ ಯಾಕೆ? ಕೇಳಿಯೇಬಿಟ್ಟೆ.

"ತಿಮಿಂಗಿಲ ಇಲ್ಲಂದ್ರ ಏನಾತು? ಎಮ್ಮಿ ಐತೆಲ್ಲ! ಕರ್ರಗ ಐತಿ, ದಪ್ಪ ಐತಿ, ನೀರಿಗಿಳದ್ರ ಎದ್ದು ಬರೂದಿಲ್ಲ. ಇನ್ನೇನ ಬೇಕ ನಿನಗ?"

ನನಗೆ ಬೇಕಾಗಿದ್ದದ್ದು, ಅವನು ಚಿಗವ್ವನ ಕಡೆ ಸ್ವಲ್ಪ ನೋಡಲಿ ಎಂಬುದು. ಚಿಗವ್ವ ಅಂದರೆ ಕಾಕಾನ ಹೆಂಡತಿ, ನನ್ನನ್ನು ಎತ್ತಿ ಆಡಿಸಿದವಳು. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಉಳಿದದ್ದು 'ದಾ' ಎಂಬ ಒಂದೇ ಸದ್ದು. ನೀರಿಗೂ 'ದಾ', ದಿಂಬಿಗೂ 'ದಾ', ಸಿಟ್ಟಿಗೂ 'ದಾ'. ಇಡೀ ಓಣಿಗೆ ಎದುರುತ್ತರ ಕೊಡುತ್ತಿದ್ದ ಬಾಯಿ ಅದು! ಗೋಕಾಕದ ಡಾಕ್ಟರು, ದಿನಾ ಎದುರಿಗೆ ಕೂತು ಮಾತಾಡಿಸಿ ಎಂದಿದ್ದರು. ಈ ಮಹಾರಾಯ ದಿನಾ ಎದುರಿಗೆ ಕೂತು ಮಾತಾಡಿಸಿದ್ದು ಎಮ್ಮೆಯನ್ನು. ನನಗೆ ಮೈಯೆಲ್ಲ ಉರಿಯದೆ ಇನ್ನೇನಾದೀತು?

ನಾನಿರುವುದು ಸಂಕೇಶ್ವರದಲ್ಲಿ. ರಜೆ ಸಿಕ್ಕಾಗಲೆಲ್ಲ ಬಸ್ಸು ಬದಲಿಸುತ್ತ ಬಂದು, ಚಿಗವ್ವನ ತಲೆ ಬಾಚಿ, ನಾಲ್ಕು ರೊಟ್ಟಿ ಬಡಿದಿಟ್ಟು ಹೋಗುತ್ತೇನೆ. ಒಮ್ಮೆ ಹೀಗೇ ರೊಟ್ಟಿ ಮುಗಿಸಿ ಬಂದು ನೋಡಿದರೆ ನನ್ನ ಫೋನಿಲ್ಲ. ಎಲ್ಲಿದೆ? ಎಮ್ಮೆಯ ಕೊರಳಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು. ಎಮ್ಮೆ ಎಲ್ಲಿದೆ? ಹಳ್ಳದಲ್ಲಿ, ಕುತ್ತಿಗೆಯವರೆಗೆ ಮುಳುಗಿಕೊಂಡು!

"ಕಾಕಾ! ನನ್ನ ಫೋನ ನೀರಾಗ ಐತಿ!"

"ತಿಮಿಂಗಿಲದ ಮೈಕೂ ನೀರಾಗ ಇರತೈತಿ. ಸುಮ್ಮನಿರವಾ, ನಿನ್ನ ಗದ್ದಲಾನೂ ರೆಕಾರ್ಡ್ ಆಗಾಕತ್ತೈತಿ."

ಆ ಫೋನು ಅಕ್ಕಿ ಡಬ್ಬಿಯಲ್ಲಿ ಮಲಗಿ ಎದ್ದಿತು, ನಿಜ. ಆದರೆ ಇಂದಿಗೂ ಅದರಲ್ಲಿ ಯಾರು ಮಾತಾಡಿದರೂ ಹಳ್ಳದೊಳಗಿಂದ ಮಾತಾಡಿದಂತೆಯೇ ಕೇಳಿಸುತ್ತದೆ.

ಆಮೇಲೆ ಮೂಡಲಗಿಯ ಪ್ರಸಂಗ. ತನ್ನ ಎಮ್ಮೆಯ ಕರು ತಾಯಿಯನ್ನು ಕರೆಯುವ ದನಿಯನ್ನೂ ಹೀಗೇ ಹಿಡಿದಿಟ್ಟಿದ್ದ. ಅದು ತನ್ನ ಎಮ್ಮೆಗಷ್ಟೇ ತಿಳಿಯುತ್ತದೋ ಎಲ್ಲ ಎಮ್ಮೆಗಳಿಗೂ ತಿಳಿಯುತ್ತದೋ ಎಂಬ ಅನುಮಾನ ಬಂತು. ಅನುಮಾನ ಬಂದರೆ ಸುಮ್ಮನಿರುವ ಜೀವವೇ? ಸ್ಪೀಕರು ಹೆಗಲಿಗೇರಿಸಿಕೊಂಡು ಅಲ್ಲಿಯ ದನದ ಸಂತೆಗೆ ಹೋದ. ನಟ್ಟನಡುವೆ ನಿಂತು ಗುಂಡಿ ಒತ್ತಿದ. ಸಂತೆಯ ಎಮ್ಮೆಗಳೆಲ್ಲ ಕಿವಿ ನಿಮಿರಿಸಿದವು, ಹಗ್ಗ ಜಗ್ಗಿದವು. ಒಂದಂತೂ ಗೂಟವನ್ನೇ ಕಿತ್ತುಕೊಂಡು ಭಜಿ ಅಂಗಡಿಯ ಮೇಲೆ ಹಾಯ್ದು ಇವನತ್ತ ಓಡಿ ಬಂತು. ಅದರ ಹಿಂದೆ ಅದರ ಧಣಿ, ಧಣಿಯ ಹಿಂದೆ ಭಜಿ ಅಂಗಡಿಯವನು!

ಹರಿದ ಅಂಗಿಯಲ್ಲಿ ಮನೆಗೆ ಬಂದವನ ಮುಖದಲ್ಲಿ ಮಾತ್ರ ಮದುಮಗನ ಕಳೆ. "ಮೂಡಲಗಿ ಎಮ್ಮಿಗೂ ತಿಳೀತವಾ! ಎಲ್ಲಾದ್ರದ್ದೂ ಭಾಷಾ ಒಂದ!"

"ಮತ್ತ ಮಂದೀದು?"

"ಮಂದೀದು ಬ್ಯಾರೆ ಐತಿ. ಅವರು ಬೈದದ್ದು ನನಗ ಅರ್ಧಾ ತಿಳೀಲಿಲ್ಲ."

ಅಂದು ಚಿಗವ್ವನ ಬಳಿ ಕೂತಿದ್ದು ಪಕ್ಕದ ಮನೆಯಾಕೆ. ಚಿಗವ್ವ 'ದಾ' ಎಂದಾಗಲೆಲ್ಲ ಪಾಪ, ನೀರು ಕುಡಿಸಿದ್ದಾಳೆ. ಚಿಗವ್ವನಿಗೆ ಬೇಕಾಗಿದ್ದದ್ದು ಕಿಟಕಿ ತೆಗೆಯುವುದು. ಸಂಜೆ ನಾನು ಬಂದಾಗ ಮುಚ್ಚಿದ ಕೋಣೆಯ ಸೆಕೆಯಲ್ಲಿ ಬೆವರಿ, ಅತ್ತು, ಸೋತು ಮಲಗಿದ್ದಳು. ಅವತ್ತೇ ನಿಶ್ಚಯಿಸಿದೆ, ಇವಳನ್ನು ಇಲ್ಲಿ ಬಿಡಬಾರದು, ಸಂಕೇಶ್ವರಕ್ಕೆ ಕರೆದೊಯ್ಯಬೇಕು.

ಮುಂದಿನ ರಜೆಗೆ ಕೈಯಲ್ಲಿ ಖಾಲಿ ಚೀಲ ಹಿಡಿದೇ ಬಂದೆ. ಹೊಸ್ತಿಲು ದಾಟುವ ಮೊದಲೇ ಕಾಕಾನನ್ನು ಝಾಡಿಸತೊಡಗಿದೆ. ಅವನು ತಲೆ ತಗ್ಗಿಸಿ ಕೇಳಿದ. ಆಹಾ, ನಾಚಿಕೆಯಾಯಿತು ಎಂದುಕೊಂಡೆ. ಎಲ್ಲಿಯ ನಾಚಿಕೆ! ಫೋನು ನೋಡುತ್ತಿದ್ದ. ಹೋಲುವ ಸದ್ದುಗಳನ್ನು ಗುಂಪು ಮಾಡುವ ಒಂದು ಆ್ಯಪ್ ಇತ್ತು ಅದರಲ್ಲಿ. ಕೃತಕ ಬುದ್ಧಿಮತ್ತೆಯಂತೆ! ಸಹಜವಾದದ್ದು ಇದ್ದವರಿಗೆ ಅದರ ಗೊಡವೆ ಯಾಕೆ?

"ಇಲ್ಲಿ ನೋಡ," ಎಂದ. "ನೀ ಈಗ ಒದರಿದ್ದು, ಎಮ್ಮಿ ಹಸದಾಗ ಒದರಿದ್ದು, ಎರಡೂ ಒಂದ ಗುಂಪಿನ್ಯಾಗ ಕುಂತಾವ. ಉಂಡು ಬಂದಿಲ್ಲೇನ ನೀ?"

ಉಂಡಿರಲಿಲ್ಲ. ಅದು ಬೇರೆ ಮಾತು! ಫೋನು ಕಸಿದುಕೊಂಡೆ. ಎಮ್ಮೆಯ ಗುಂಪುಗಳ ಕೆಳಗೆ ಇನ್ನೂ ಹಲವು ಗುಂಪುಗಳಿದ್ದವು. ಒಂದನ್ನು ಒತ್ತಿದೆ. 'ದಾ' ಎಂದಿತು. ಇನ್ನೊಂದನ್ನು ಒತ್ತಿದೆ. 'ದಾ'. ಚಿಗವ್ವನ ದನಿ!

"ಚಿಗವ್ವ ಎಮ್ಮಿ ಏನ ನಿನಗ?" ಎಂದು ಕಿರುಚಿದೆ. "ಆಕೀನ್ನೂ ಆಟಾ ಮಾಡಿಕೊಂಡಿ?"

"ಆಟಾ ಅಲ್ಲವಾ," ಎಂದ ಕಾಕಾ, ಮೆಲ್ಲಗೆ. "ಈಕೀದು ಒಂದ 'ದಾ' ಅಲ್ಲ, ಭಾಳ ಅದಾವ. ನೀರಿಂದು ಗಿಡ್ಡ ಇರತೈತಿ. ಕಿಡಕೀದು ಮ್ಯಾಲ ಏರತೈತಿ. ಮೊದಲ ನನಗ ಒಂದೂ ತಿಳೀತಿದ್ದಿಲ್ಲ. ಎಮ್ಮೀ ಮುಂದ ಕುಂತು ಕಿವಿ ಪಳಗಿಸಿಕೊಂಡೆ. ಈಕೀ ಮುಂದ ತಪ್ಪಿದ್ರ ಈಕಿ ಅಳತಾಳ. ಎಮ್ಮಿ ಅಳೂದಿಲ್ಲ ನೋಡ."

ನನಗೆ ಕೇಳುವ ತಾಳ್ಮೆ ಎಲ್ಲಿತ್ತು? ದಡದಡ ಟ್ರಂಕು ತೆಗೆದು ಚಿಗವ್ವನ ಸೀರೆಗಳನ್ನು ಚೀಲಕ್ಕೆ ತುಂಬಿದೆ. ಅವಳ ಹಾಸಿಗೆಯ ಬಳಿ ಕೂತು ಕೇಳಿದೆ, "ಚಿಗವ್ವಾ, ನನ್ನ ಜೋಡಿ ಸಂಕೇಶ್ವರಕ್ಕ ಬರ್ತಿ?"

"ದಾ..." ಎಂದಳು. ಉದ್ದಕ್ಕೆ, ನಡುಗುತ್ತ.

"ಏನಂತಾಳ?" ಎಂದು ಕಾಕಾನತ್ತ ತಿರುಗಿದೆ. "ನೀ ದೊಡ್ಡ ಪಂಡಿತ ಅಲ್ಲೇನ? ಹೇಳ ಈಗ!"

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದ. "ಇದೊಂದು ನನ್ನ ಕೇಳಬ್ಯಾಡ. ನನಗ ಹೆಂಗ ಬೇಕೋ ಹಂಗ ಕೇಳಸತೈತಿ ಇದು."

ಎಮ್ಮೆಯ ಬಾಯಲ್ಲಿ ಬೇಕಾದ್ದು ನುಡಿಸುತ್ತಿದ್ದ ಮನುಷ್ಯ! ಆಗ ಚಿಗವ್ವನ ಎಡಗೈ ಮೆಲ್ಲಗೆ ಹಾಸಿಗೆಯಿಂದ ಚಾಚಿಕೊಂಡು, ಅವನ ಧೋತರದ ಅಂಚನ್ನು ಹಿಡಿದುಕೊಂಡಿತು. ಮುಷ್ಟಿ ಬಿಗಿಯಾಯಿತು. ಮತ್ತೊಮ್ಮೆ "ದಾ" ಎಂದಳು.

"ಚಹಾ ಕೇಳಾಕತ್ತಾಳವಾ," ಎಂದ ಕಾಕಾ.

ಎಂಥ ಹಸಿ ಸುಳ್ಳು! ಅದು ಚಹಾದ 'ದಾ' ಅಲ್ಲವೆಂದು ತಿಳಿಯಲು ಆ್ಯಪೂ ಬೇಕಿರಲಿಲ್ಲ, ಎಮ್ಮೆಯೂ ಬೇಕಿರಲಿಲ್ಲ. ಚೀಲವನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಮೂವರಿಗೂ ಚಹಾಕ್ಕಿಟ್ಟೆ.