ಹಾರ್ಲನ್ ಹೆಸರಿನಲ್ಲಿ ಒಂದು ಠರಾವು

ಹಾರ್ಲನ್ ಸ್ಪ್ರೇಗ್ ತೀರಿಕೊಂಡ ಸುದ್ದಿ ನಮ್ಮ ಟಾಲ್‌ಮನ್ ಮಿಲ್ಸ್ ಊರಿಗೆ ತಿಳಿದದ್ದು ನವೆಂಬರ್ ತಿಂಗಳ ಎರಡನೆಯ ಬುಧವಾರ ಬೆಳಿಗ್ಗೆ. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ದೇವರು ಅಷ್ಟು ಮೆತ್ತಗೆ ಕರೆದುಕೊಂಡು ಹೋಗುವುದು ಕೆಲವರನ್ನು ಮಾತ್ರ.

ಲೈಲ್ ಪೆಲ್ಕಿಗೆ ಅದು ತಿಳಿದಾಗ ಅವನು ಊರಿನ ಅಂಗಡಿಯಲ್ಲಿ ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದ. ಚಮಚ ಕೆಳಗಿಟ್ಟು ಟೋಪಿ ತೆಗೆದ. ಹಾರ್ಲನ್ ಹೋದನಲ್ಲ ಎಂದು ಎದೆ ಹಿಂಡಿತು. ಅದರ ಬೆನ್ನಿಗೇ, ಒಂದು ಓಟು ಹೋಯಿತಲ್ಲ ಎಂದು ಹಿಂಡಿತು. ಎರಡನೆಯ ಸಲ ಹಿಂಡಿದ್ದು ಹೆಚ್ಚು ಜೋರಾಗಿತ್ತು. ತನ್ನ ಬಗ್ಗೆ ತನಗೇ ನಾಚಿಕೆಯಾಗಿ, ಟೋಪಿಯನ್ನು ಇನ್ನಷ್ಟು ಹೊತ್ತು ಕೈಯಲ್ಲೇ ಹಿಡಿದು ನಿಂತ.

ಲೈಲ್ ಮತ್ತು ಅವನ ಹೆಂಡತಿ ಕೊಲೆಟ್ ಹೊಳೆದಂಡೆಯ ಟ್ರೇಲರ್ ಬಡಾವಣೆಯಲ್ಲಿ ಮೂವತ್ತೊಂದು ವರ್ಷದಿಂದ ಇದ್ದರು. ನೆಲ ಬಾಡಿಗೆಯದು, ಅದರ ಮೇಲೆ ಕೂತ ಮನೆ ಮಾತ್ರ ಸ್ವಂತದ್ದು. ಎಳೆದುಕೊಂಡು ಹೋಗಬಹುದಾದ ಮನೆ ಎಂದು ಸರ್ಕಾರಿ ಕಾಗದದಲ್ಲಿ ಬರೆದಿತ್ತು. ನಿಜಕ್ಕೂ ಅದು ಊರಿನ ಚರ್ಚಿಗಿಂತ ಗಟ್ಟಿಯಾಗಿ ತಳವೂರಿತ್ತು. ಚಕ್ರಗಳ ರಬ್ಬರನ್ನು ಇಲಿಗಳು ತಿಂದು ಎರಡು ತಲೆಮಾರು ಕಳೆದಿದ್ದವು. ಈಗ ಆ ನೆಲವನ್ನು ಹೊರಗಿನವರೊಬ್ಬರು ಕೊಂಡಿದ್ದರು. ಜನ ತಮಗೆ ಬೇಡದ, ಆದರೆ ಎಸೆಯಲು ಮನಸ್ಸಿಲ್ಲದ ಸಾಮಾನುಗಳನ್ನು ತುಂಬಿಡಲು ಅಲ್ಲಿ ಸಾಲುಸಾಲು ಶೆಡ್ಡುಗಳು ಬರಲಿದ್ದವು. ಹಳೆಯ ಮಂಚಗಳಿಗೆ ಸೂರು ಬೇಕಾಗಿತ್ತು. ಅದಕ್ಕಾಗಿ ಒಂಬತ್ತು ಸಂಸಾರಗಳು ತಿಂಗಳ ಕೊನೆಯೊಳಗೆ ಏಳಬೇಕಾಗಿತ್ತು. ಸುತ್ತಲಿನ ಊರುಗಳ ಬಡಾವಣೆಗಳು ಹತ್ತು ವರ್ಷ ದಾಟಿದ ಟ್ರೇಲರನ್ನು ಗೇಟಿನೊಳಗೆ ಬಿಡುವುದಿಲ್ಲ. ಜಾಗ ಸಿಗದ ಮನೆಗಳನ್ನು ಮೂವತ್ತನೆಯ ತಾರೀಖು ಯಂತ್ರ ಬಂದು ಮಡಚಿ ಹಾಕುತ್ತದೆ ಎಂದು ನೋಟೀಸಿನಲ್ಲಿ ವಿನಯದಿಂದ ತಿಳಿಸಿದ್ದರು.

ಉಳಿದಿದ್ದ ಒಂದೇ ದಾರಿ ಗುಡ್ಡದ ರಸ್ತೆಯಲ್ಲಿದ್ದ ಊರಿನದೇ ಏಳು ಎಕರೆ ಬಯಲು. ಹಿಂದೆ ಜಲ್ಲಿ ತೆಗೆದು ಬಿಟ್ಟ ಜಾಗ. ಅಲ್ಲಿ ಒಂಬತ್ತು ಮನೆ ಕೂರಿಸುವ ನಕ್ಷೆ ಹಿಡಿದು ಹಾರ್ಲನ್ ಹನ್ನೊಂದು ವರ್ಷ ಓಡಾಡಿದ್ದ. ಹೊಳೆದಂಡೆ ಒಂದು ದಿನ ಕೈಕೊಡುತ್ತದೆ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ಅವನೇ. ಊರಿನ ಯೋಜನಾ ಮಂಡಳಿಯಲ್ಲಿ ಮೂರೇ ಜನ. ಅಧ್ಯಕ್ಷ ಹಾರ್ಲನ್ ಬೇಕು ಎನ್ನುತ್ತಿದ್ದ. ನಿವೃತ್ತ ಶಿಕ್ಷಕಿ ನಾರ್ಮಾ ಹ್ಯಾಸ್ಕೆಲ್ ಬೇಡ ಎನ್ನುತ್ತಾ ಪ್ರತಿ ಸಲ ಹೊಸದೊಂದು ತಪಾಸಣೆ ಕೇಳುತ್ತಿದ್ದಳು. ಶಾಲೆಯ ಬಸ್ಸು ಓಡಿಸುವ ಡ್ವೈಟ್ ಕ್ರಾಕೆಟ್, ಹಾರ್ಲನ್ ಕೈ ಎತ್ತಿದಾಗ ಎತ್ತುತ್ತಿದ್ದ, ಇಳಿಸಿದಾಗ ಇಳಿಸುತ್ತಿದ್ದ. ಅಂತೂ ಅಳತೆ, ನೀರು, ಚರಂಡಿ, ಮಣ್ಣು ಎಲ್ಲದರ ತಪಾಸಣೆ ಮುಗಿದು, ಅದೇ ಬುಧವಾರ ಸಂಜೆ ಏಳಕ್ಕೆ ಕೊನೆಯ ಮತ. ಎರಡಕ್ಕೆ ಒಂದು. ಆಗಿಯೇ ಹೋಯಿತು ಎಂದು ಕೊಲೆಟ್ ಎರಡು ತಟ್ಟೆ ಬಿಟ್ಟು ಮಿಕ್ಕೆಲ್ಲ ಪಿಂಗಾಣಿಯನ್ನು ಪೇಪರಿನಲ್ಲಿ ಸುತ್ತಿಟ್ಟಿದ್ದಳು.

ಈಗ ಒಂದಕ್ಕೆ ಒಂದು. ಸಮ ಬಂದರೆ ಠರಾವು ಬಿತ್ತೆಂದೇ ನಿಯಮ. ಮುಂದಿನ ಸಭೆಯ ಹೊತ್ತಿಗೆ ನೆಲ ಚಳಿಗೆ ಹೆಪ್ಪುಗಟ್ಟಿ ಕಬ್ಬಿಣವಾಗಿರುತ್ತದೆ, ಗುದ್ದಲಿ ಇಳಿಯುವುದಿಲ್ಲ.

ಡ್ವೈಟ್ ಅಂಗಡಿಯ ಮೂಲೆಯಲ್ಲೇ ಡೋನಟ್ ಹಿಡಿದು, ತಿನ್ನಲಾರದೆ ಕೂತಿದ್ದ. ಲೈಲ್ ಹತ್ತಿರ ಹೋಗಿ ಮೆಲ್ಲಗೆ ಕೇಳಿದ.

"ಸಂಜೆ ಸಭೆ ಇರುತ್ತಾ ಡ್ವೈಟ್?"

"ಇರುತ್ತೆ. ನೋಟೀಸ್ ಅಂಟಿಸಾಗಿದೆ. ಅಂಟಿಸಿದ ಮೇಲೆ ಪ್ರಳಯ ಆದ್ರೂ ಏಳು ಗಂಟೆಗೆ ಬಾಗಿಲು ತೆಗೀಬೇಕು."

"ನೀನು ಕೈ ಎತ್ತುತೀಯಲ್ಲ?"

"ಎತ್ತುತೀನಪ್ಪ. ಹದಿನಾರು ವರ್ಷದಿಂದ ಎತ್ತಿದೀನಿ. ಆದ್ರೆ ಯಾವಾಗ ಎತ್ತಬೇಕು ಅಂತ ಇನ್ನು ಯಾರ ಮುಖ ನೋಡ್ಲಿ?" ಎಂದು ಡ್ವೈಟ್ ಕಣ್ಣೊರೆಸಿಕೊಂಡ. ಡೋನಟ್ಟಿನ ಸಕ್ಕರೆ ರೆಪ್ಪೆಗೆ ಹತ್ತಿತು.

ಮನೆಗೆ ಬಂದು ಹೇಳಿದಾಗ ಕೊಲೆಟ್ ಕುರ್ಚಿಯ ಮೇಲೆ ಕುಸಿದು ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಗಂಡನ ಕೋಟಿನ ಗುಂಡಿ ತಾನೇ ಹಾಕಿದಳು. "ಆಮೇಲೆ ಇಬ್ಬರೂ ಕೂತು ಅಳೋಣ. ಈಗ ನಾರ್ಮಾ ಮನೆಗೆ ಹೋಗು."

ನಾರ್ಮಾ ಹ್ಯಾಸ್ಕೆಲ್‌ಳ ಮನೆ ಜಲ್ಲಿ ಬಯಲಿನ ಎದುರಿಗೇ ಇತ್ತು. ಅವಳು ಲೈಲ್‌ಗೆ ಮೂರನೆಯ ತರಗತಿಯಲ್ಲಿ ಪಾಠ ಹೇಳಿದವಳು. ಅರವತ್ತು ದಾಟಿದರೂ ಅವಳ ಬಾಗಿಲಲ್ಲಿ ಲೈಲ್ ಹೋಮ್‌ವರ್ಕ್ ಮಾಡದೆ ಬಂದ ಹುಡುಗನ ಹಾಗೆಯೇ ನಿಲ್ಲುತ್ತಿದ್ದ. ಅಡುಗೆಮನೆಯಲ್ಲಿ ನೆರೆಯ ಹೆಂಗಸರಿಬ್ಬರು ಇದ್ದರು. ಹಾರ್ಲನ್‌ನ ಹೆಂಡತಿ ವರ್ನಾಳ ಮನೆಗೆ ಕೊಂಡೊಯ್ಯಲು ಬೀನ್ಸ್ ಬೇಯುತ್ತಿತ್ತು. ಸಾವಿನ ಮನೆಗೆ ನಮ್ಮೂರಿನವರು ಮಾತು ಒಯ್ಯುವುದಿಲ್ಲ, ಪಾತ್ರೆ ಒಯ್ಯುತ್ತಾರೆ.

ಲೈಲ್ ನಕ್ಷೆ ಬಿಡಿಸಿ ಮೇಜಿನ ಮೇಲೆ ಹರಡಿದ. ಅದೊಂದು ತಪ್ಪು. ಹರಡಿದ ಬೆಲ್ಲಕ್ಕೆ ಇರುವೆ ಬಂದ ಹಾಗೆ ಮೂವರೂ ಬಗ್ಗಿದರು. ನಾರ್ಮಾ ತನ್ನ ಕಿಟಕಿಗೆ ಟ್ರೇಲರ್ ಕಾಣಬಾರದು, ರಸ್ತೆಯಿಂದ ಐವತ್ತು ಅಡಿ ದೇವದಾರು ಮರ ಬೆಳೆಸಬೇಕು ಎಂದಳು. ಲೈಲ್ ಒಪ್ಪಿದ. ಒಬ್ಬಳು ನೆರೆಯವಳು, ಬಟ್ಟೆ ಒಣಗಿಸುವ ಹಗ್ಗ ಕಾಣಬಾರದು ಎಂದಳು. ಅದಕ್ಕೂ ಒಪ್ಪಿದ. ಇನ್ನೊಬ್ಬಳಿಗೆ ಒಲೆಯ ಹೊಗೆ ಬೇಡವಾಗಿತ್ತು, ನಾಯಿ ಬೇಡವಾಗಿತ್ತು, ಗಾಳಿಗೆ ಕಿಣಿಕಿಣಿ ಎನ್ನುವ ಗಂಟೆಗಳಂತೂ ಬೇಡವೇ ಬೇಡವಾಗಿತ್ತು. ಲೈಲ್ ನಕ್ಷೆಯ ಹಿಂಬದಿಯಲ್ಲಿ ನಾರ್ಮಾಳ ಪೆನ್ಸಿಲಿನಿಂದ ಒಂದೊಂದೇ ಬರೆದುಕೊಂಡ. ಹದಿನಾಲ್ಕನೆಯ ಷರತ್ತಿನ ಹೊತ್ತಿಗೆ ಒಂಬತ್ತು ಮನೆಗಳವರು ಕಣ್ಣಿಗೆ ಕಾಣದೆ, ಕಿವಿಗೆ ಕೇಳದೆ, ಮೂಗಿಗೆ ಬಡಿಯದೆ ಬದುಕುವುದಾಗಿ ಮಾತು ಕೊಟ್ಟಾಗಿತ್ತು. ದೇವದೂತರಿಗೂ ಆ ಬಡಾವಣೆಯಲ್ಲಿ ಜಾಗ ಸಿಗುತ್ತಿರಲಿಲ್ಲ. ಅವರಿಗೆ ರೆಕ್ಕೆ ಬಡಿಯುವ ಸದ್ದಾದರೂ ಇದೆ.

ಆಮೇಲೆ ನಾರ್ಮಾ ನಕ್ಷೆ ಮಗುಚಿ, ಮರಗಳ ಸಾಲು ಬಂದರೆ ಮನೆಗಳು ಎಲ್ಲಿ ಕೂರುತ್ತವೆ ತೋರಿಸು ಎಂದಳು. ರಸ್ತೆಯಿಂದ ಐವತ್ತು ಅಡಿ ಸರಿಸಿದರೆ ಮನೆಗಳು ತೊರೆಯ ಕಡೆಗೆ ಜಾರಿದವು. ತೊರೆಯಿಂದ ಎಪ್ಪತ್ತೈದು ಅಡಿ ದೂರವಿರಬೇಕೆಂದು ಕಾನೂನು, ಹಿಂದಕ್ಕೆ ತಳ್ಳಿದ. ಪಕ್ಕದ ಬಾವಿಯಿಂದ ನೂರು ಅಡಿ, ಅಡ್ಡಕ್ಕೆ ತಳ್ಳಿದ. ಕೊನೆಗೆ ಒಂಬತ್ತು ಮನೆಗಳೂ ಒಂದರ ಮೇಲೊಂದು ತಟ್ಟೆಯೊಳಗಿನ ಕಡುಬಿನ ಹಾಗೆ ಕೂತವು.

ಕಾಗದ ನಂಬಬೇಡ, ಹೋಗಿ ಅಳೆದು ಬಾ ಎಂದಳು ನಾರ್ಮಾ. ಅವಳು ಹೇಳಿದ ಮೇಲೆ ಹೋಗದಿರುವ ಧೈರ್ಯ ಲೈಲ್‌ಗೆ ಮೂರನೆಯ ತರಗತಿಯಲ್ಲೂ ಇರಲಿಲ್ಲ. ಟೇಪು ಹಿಡಿದು ಬಯಲಿಗಿಳಿದ. ಅದರ ಇನ್ನೊಂದು ತುದಿ ಹಿಡಿಯುವವರು ಇಲ್ಲದೆ ಕೊನೆಯ ಮನೆ ಕೂರುವಲ್ಲಿ ಒಂದು ಕಲ್ಲಿನ ಕೆಳಗೆ ಸಿಕ್ಕಿಸಿ, ತೊರೆಗೆ ಬೆನ್ನು ಮಾಡಿ ಅಂಕಿ ಓದುತ್ತಾ ಹಿಂದುಹಿಂದಕ್ಕೆ ನಡೆದ. ಎಪ್ಪತ್ತೊಂದು, ಎಪ್ಪತ್ತೆರಡು, ಎಪ್ಪತ್ತಮೂರರ ಹತ್ತಿರ ತೊರೆ ತಾನೇ ಬಂದು ಅವನನ್ನು ಸೊಂಟದವರೆಗೆ ಬರಮಾಡಿಕೊಂಡಿತು. ಎರಡಡಿ ಕಡಿಮೆ ಎಂಬುದು ಮಾತ್ರ ಖಾತ್ರಿಯಾಯಿತು.

ತಿರುಗಿ ಬರುವಷ್ಟರಲ್ಲಿ ಪ್ಯಾಂಟು ಹಿಮಗಟ್ಟಿ ಒಲೆಯ ಕೊಳವೆಯಂತೆ ಸೆಟೆದಿತ್ತು. ಹೆಂಗಸರಿಬ್ಬರೂ ಬೀನ್ಸ್ ಹೊತ್ತು ಹೋಗಿದ್ದರು. ನಾರ್ಮಾ ಒಬ್ಬಳೇ ಕಿಟಕಿಯ ಬಳಿ ನಿಂತಿದ್ದಳು. ಅವನನ್ನು ಒಲೆಯ ಮುಂದೆ ಕೂರಿಸಿ, ಕಂಬಳಿ ಹೊದಿಸಿ, ಚಹಾ ಕೊಟ್ಟಳು. ಹಾಗೆ ಕೊಡುತ್ತಾ ಕೊಡುತ್ತಾ ಅಳತೊಡಗಿದಳು. ಲೈಲ್ ಗಾಬರಿಯಾದ. ನಾರ್ಮಾ ಅತ್ತದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ಹನ್ನೊಂದು ವರ್ಷ ಅವನಿಗೆ ಬೇಡ ಅಂದೆ ಲೈಲ್. ಪ್ರತಿ ತಿಂಗಳೂ ಹೊಸ ಪೆನ್ಸಿಲ್ ಹೆರೆದುಕೊಂಡು ಬರ್ತಿದ್ದ. ನಾನು ಬೇಡ ಅಂದ್ರೆ ನಕ್ಕು, ಸರಿ ನಾರ್ಮಾ, ಮುಂದಿನ ತಿಂಗಳು ನೋಡೋಣ ಅಂತಿದ್ದ. ನನಗೆ ಮರನೂ ಬೇಡ, ಮಣ್ಣೂ ಬೇಡ. ಬುಧವಾರ ಬಂದ್ರೆ ಜಗಳಕ್ಕೆ ಒಬ್ಬ ಸಿಗ್ತಾನಲ್ಲ ಅಂತ. ಇನ್ನು ನಾನು ಯಾರಿಗೆ ಬೇಡ ಅನ್ಲಿ?"

ಅವಳು ನಕ್ಷೆ ತಿರುಗಿಸಿ ಹದಿನಾಲ್ಕು ಷರತ್ತುಗಳನ್ನೂ ಒಂದೊಂದಾಗಿ ಅಳಿಸಿದಳು. ರಬ್ಬರಿನ ಚೂರನ್ನು ಅಂಗೈಯಿಂದ ಗುಡಿಸಿದಳು.

"ಇವತ್ತು ಸಂಜೆ ಹಾರ್ಲನ್ ಹೆಸರಲ್ಲಿ ಏನು ಬಂದ್ರೂ ನಾನು ಬೇಡ ಅನ್ನಲ್ಲ. ಇದು ನನ್ನ ಮಾತು."

ಲೈಲ್‌ಗೆ ಸೆಟೆದ ಪ್ಯಾಂಟಿನಲ್ಲೂ ಓಡಲು ಬಂತು. ನೇರ ಬಸ್ಸಿನ ಗ್ಯಾರೇಜಿಗೆ ಹೋಗಿ ಡ್ವೈಟ್‌ನನ್ನು ಹಿಡಿದು, ಠರಾವು ನೀನೇ ಮಂಡಿಸಬೇಕು, ಹಾರ್ಲನ್ ಹೆಸರಿನಲ್ಲಿ ಮಂಡಿಸಬೇಕು ಎಂದು ಮೂರು ಸಲ ಹೇಳಿಕೊಟ್ಟ. ಡ್ವೈಟ್ ಮೂರು ಸಲವೂ ತಲೆಯಾಡಿಸಿದ. ಏನನ್ನು ಮಂಡಿಸಬೇಕು ಎಂದು ಲೈಲ್ ಬಿಡಿಸಿ ಹೇಳಲಿಲ್ಲ. ಹನ್ನೊಂದು ವರ್ಷದಿಂದ ಆ ಮಂಡಳಿಯ ಮುಂದೆ ಇದ್ದದ್ದು ಒಂದೇ ವಿಷಯ. ಅದನ್ನು ಮತ್ತೆ ಹೇಳುವುದು ಕ್ರೈಸ್ತನಿಗೆ ಭಾನುವಾರ ಯಾವ ವಾರ ಎಂದು ಹೇಳಿದಂತೆ ಎಂದುಕೊಂಡ.

ಏಳು ಗಂಟೆಗೆ ಊರಿನ ಸಭಾಂಗಣ ತುಂಬಿತ್ತು. ಮೂರು ಕುರ್ಚಿಗಳಲ್ಲಿ ನಡುವಿನದು ಖಾಲಿ. ಅದರ ಬಲಕ್ಕೆ ಕೂತ ನಾರ್ಮಾ, ನಿಯಮದಂತೆ, ಮೊದಲು ಸಾರ್ವಜನಿಕರ ಮಾತು, ತಲಾ ಮೂರು ನಿಮಿಷ ಎಂದು ಮೊಟ್ಟೆ ಬೇಯಲು ನಿಮಿಷ ಎಣಿಸುವ ಪುಟ್ಟ ಗಡಿಯಾರ ತಿರುಗಿಸಿಟ್ಟಳು. ಲೈಲ್ ಎದ್ದ. ಒಂಬತ್ತು ಮನೆಗಳವರೂ ಮಾತಾಡಲು ಅವನನ್ನೇ ನೇಮಿಸಿದ್ದರು. ಒಂಬತ್ತು ಸಂಸಾರಗಳ ಕತೆ ಮೂರು ನಿಮಿಷಕ್ಕೆ ಕತ್ತರಿಸಿ ಕಾಗದದಲ್ಲಿ ಬರೆದು ತಂದಿದ್ದ. ಆಗ ಬಾಗಿಲು ತೆರೆದು ಕಪ್ಪು ಕೋಟಿನಲ್ಲಿ ವರ್ನಾ ಬಂದಳು. ಗಂಡ ತಪ್ಪಿಸದ ಸಭೆಯನ್ನು ತಾನೂ ತಪ್ಪಿಸಬಾರದು ಎಂದು ಬಂದಿದ್ದಳು. ಮೊದಲ ಸಾಲಿನಲ್ಲಿ ಕೂತು ಲೈಲ್‌ನ ಮುಖ ನೋಡಿದಳು.

ವಿಧವೆಯ ಮುಂದೆ ಚರಂಡಿಯ ಮಾತು ಆಡುವುದು ಹೇಗೆ? ಲೈಲ್ ಕಾಗದ ಮಡಚಿದ. ಹಾರ್ಲನ್ ಬಗ್ಗೆ ಎರಡು ಮಾತು ಹೇಳಿ ವಿಷಯಕ್ಕೆ ಬರೋಣ ಎಂದುಕೊಂಡ. ಲೈಲ್ ಹುಟ್ಟಿದ ಮೇಲೆ ಸಭೆಯಲ್ಲಿ ಬಾಯಿ ತೆರೆಯದ ಮನುಷ್ಯ. ಆದರೆ ಆ ದಿನ ಮಾತು ತೊರೆಯ ನೀರಿನಂತೆ ಬಂತು. ಪ್ರತಿ ಭಾನುವಾರ ಚರ್ಚು ಬಿಟ್ಟ ಮೇಲೆ ಹಾರ್ಲನ್ ಆ ಬಯಲಿನಲ್ಲಿ ಒಬ್ಬನೇ ಅಡ್ಡಾಡುತ್ತಿದ್ದದ್ದು, ಅಲ್ಲಿನ ಕಲ್ಲುಕಲ್ಲಿನ ಗುರುತೂ ಅವನಿಗೆ ಇದ್ದದ್ದು, ಈ ನೆಲ ಕಂಡರೆ ನನಗೆ ನೆಮ್ಮದಿ ಎಂದು ಒಮ್ಮೆ ಹೇಳಿದ್ದು, ಎಲ್ಲ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ವರ್ನಾ ಕರವಸ್ತ್ರ ತೆಗೆದಳು. ಲೈಲ್ ಉಸಿರು ತೆಗೆದುಕೊಂಡು, "ಈಗ ಮನೆಗಳ ವಿಷಯ..." ಎನ್ನುವಷ್ಟರಲ್ಲಿ ಗಡಿಯಾರ ಕಿರುಗುಟ್ಟಿತು. ಮೂರು ನಿಮಿಷ ಮುಗಿದಿತ್ತು. ಬೇರೆ ಯಾರೂ ಏಳಲಿಲ್ಲ. ಅದರ ಮೇಲೆ ಇನ್ನೇನು ಹೇಳುವುದಿದೆ ಎಂದುಕೊಂಡರು. ನಾರ್ಮಾ ಸಾರ್ವಜನಿಕರ ಮಾತು ಮುಗಿಯಿತೆಂದು ಸಾರಿದಳು.

ನೋಡಲು ಹಾರ್ಲನ್‌ನ ಮುಖ ಇಲ್ಲದೆ, ಡ್ವೈಟ್ ಅಳುತ್ತಿದ್ದ ವರ್ನಾಳ ಮುಖ ನೋಡಿ ಎದ್ದು ನಿಂತ. ಅವನ ಗಲ್ಲದಿಂದ ನೀರು ಇಳಿಯುತ್ತಿತ್ತು. ಹದಿನಾರು ವರ್ಷದಲ್ಲಿ ಅವನು ಮಂಡಿಸಿದ ಮೊದಲ ಠರಾವು ಅದು.

"ಹಾರ್ಲನ್ ಹೆಸರಲ್ಲಿ ಹೇಳ್ತಿದೀನಿ. ಅವನು ಅಷ್ಟು ಪ್ರೀತಿಸಿದ ಆ ಬಯಲನ್ನ ಯಾರೂ ಮುಟ್ಟಬಾರದು. ಗುದ್ದಲಿ ಬೀಳಬಾರದು, ಮನೆ ಏಳಬಾರದು. ಅವನ ನೆನಪಿಗೆ ಹಾಗೇ ಇರ್ಲಿ. ಒಂದು ಕಲ್ಲಿನ ಬೆಂಚು ಹಾಕಿಸೋಣ."

ನಾರ್ಮಾ ಡ್ವೈಟ್‌ನನ್ನು ನೋಡಿದಳು, ಲೈಲ್‌ನನ್ನು ನೋಡಿದಳು, ಖಾಲಿ ಕುರ್ಚಿಯನ್ನು ಬಹಳ ಹೊತ್ತು ನೋಡಿದಳು. ಕೊಟ್ಟ ಮಾತು ಮುರಿದ ಹೆಂಗಸಲ್ಲ ಅವಳು. ಅನುಮೋದಿಸಿದಳು.

ಲೈಲ್ ಎದ್ದು ಕೈ ಎತ್ತಿದ.

"ಕೂತ್ಕೋ ಲೈಲ್," ಎಂದಳು ನಾರ್ಮಾ, ಮೂರನೆಯ ತರಗತಿಯ ದನಿಯಲ್ಲಿ, ಆದರೆ ಅವನ ಕಣ್ಣು ತಪ್ಪಿಸಿ. "ನಿನ್ನ ಮೂರು ನಿಮಿಷ ನೀನು ಉಪಯೋಗಿಸಿಕೊಂಡಾಯ್ತು."

ಎರಡಕ್ಕೆ ಸೊನ್ನೆ. ಮಂಡಳಿಯ ಇತಿಹಾಸದಲ್ಲಿ ಬಯಲಿನ ವಿಷಯಕ್ಕೆ ಒಮ್ಮತ ಬಂದದ್ದು ಅದೇ ಮೊದಲು. ಜನ ಎದ್ದು ನಿಂತರು. ಒಂಬತ್ತು ಮನೆಗಳವರೂ, ಎಲ್ಲರೂ ಎದ್ದರಲ್ಲ ಎಂದು, ಎದ್ದು ನಿಂತರು. ಹಿಂದಿನ ಸಾಲಿನಲ್ಲಿ ಕೊಲೆಟ್ ಒಬ್ಬಳೇ ಕೂತಿದ್ದಳು.

ವರ್ನಾ ಬಂದು ಲೈಲ್‌ನ ಎರಡೂ ಕೈ ಹಿಡಿದುಕೊಂಡಳು. "ಮಂಡಳಿ ವಿಷಯ ಅವನು ಮನೇಲಿ ಒಂದು ದಿನಾನೂ ಮಾತಾಡಿದವನಲ್ಲ. ಆ ಜಾಗ ಅವನಿಗೆ ಅಷ್ಟು ಇಷ್ಟ ಅಂತ ನನಗೆ ಗೊತ್ತೇ ಇರ್ಲಿಲ್ಲ ಲೈಲ್. ನೀನು ಹೇಳದೇ ಇದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ."

ಅದು ನಿಜವಾಗಿತ್ತು. ಲೈಲ್ ತಲೆಯಾಡಿಸಿದ.

ಪಾದ್ರಿ ಪಕ್ಕದ ಊರಿಗೆ ಹೋಗಿದ್ದರು. ಇಷ್ಟು ಚೆನ್ನಾಗಿ ಮಾತಾಡಿದವನು ನೀನು, ಪ್ರಾರ್ಥನೆಯನ್ನೂ ನೀನೇ ಮಾಡು ಎಂದು ಡ್ವೈಟ್ ಹೇಳಿದ. ಎಲ್ಲರೂ ತಲೆ ಬಾಗಿಸಿದರು. ಪ್ರಾರ್ಥನೆಗೆ ಗಡಿಯಾರ ಇರಲಿಲ್ಲ. ಲೈಲ್ ಎಷ್ಟು ಹೊತ್ತು ಬೇಕಾದರೂ, ಏನು ಬೇಕಾದರೂ ಹೇಳಬಹುದಾಗಿತ್ತು, ಯಾರೂ ತಡೆಯುತ್ತಿರಲಿಲ್ಲ. ಬಾಯಿ ತೆರೆದ. ವರ್ನಾಳ ಬಾಗಿದ ತಲೆ ಕಂಡಿತು. ಮನೆಗಳ ಮಾತು ಬರೆದ ಕಾಗದವನ್ನು ಜೇಬಿಗೆ ಹಾಕಿದ.

"ಕರ್ತನೇ, ಹಾರ್ಲನ್ ಜೀವಮಾನವೆಲ್ಲ ಬೇರೆಯವರಿಗೆ ಜಾಗ ಹುಡುಕಿದ. ಅವನಿಗೆ ನಿನ್ನ ಹತ್ತಿರ ಒಂದು ಜಾಗ ಕೊಡು. ಅಲ್ಲಿ ಯಾರ ಒಪ್ಪಿಗೆಯೂ ಬೇಕಾಗದೆ ಇರಲಿ. ಆಮೆನ್."

ಎಲ್ಲರೂ ಆಮೆನ್ ಎಂದು ತಲೆ ಎತ್ತಿದರು. ಲೈಲ್ ಎತ್ತಲಿಲ್ಲ. ಉಳಿದದ್ದನ್ನು ತುಟಿ ಅಲುಗಿಸದೆ ಹೇಳಿಕೊಂಡ: ಇವತ್ತು ಇಲ್ಲಿ ಏನಾಯಿತು ಅಂತ ಅವನಿಗೆ ಯಾರೂ ಹೇಳದ ಹಾಗೆ ನೋಡ್ಕೋ ತಂದೆ. ಅವನ ಆತ್ಮ ನೆಮ್ಮದಿಯಾಗಿರಲಿ.